ಫ್ರೆಂಡ್‌ಗೆ ಬೇಲೂರು ನೋಡ್ಬೇಕು, ನಾಯಿನ ಬಿಟ್ಟು ಹೋಗೋಕಾಗಲ್ಲ, ಏನ್ ಮಾಡ್ಲಿ?

ಬೋಂಡನ ಅಪ್ಪ
ಎಲ್ರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಪುಣೆಯಿಂದ ನನ್ ಕಾಲೇಜ್ ಫ್ರೆಂಡ್ ಬರ್ತಿದಾನೆ, ಮೂರ್ ದಿನ ಕಾರಲ್ಲಿ ಎಲ್ಲಾದ್ರೂ ಹೋಗೋಣ ಅಂತ ಪ್ಲಾನು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದಾಗಿಂದ ಅವನದ್ದು ಒಂದೇ ಜಪ, ಹೊಯ್ಸಳ ಹೊಯ್ಸಳ ಅಂತ. ನಂದು ಪ್ರಾಬ್ಲಮ್ ಬೋಂಡ. ನಾಲ್ಕು ವರ್ಷದ ನಾಟಿ ನಾಯಿ, 22 ಕೆಜಿ, ಬೀದಿಯಿಂದ ತಂದಿದ್ದು. ಹೋದ್ಸಲ ಒಂದ್ ಕಡೆ ಬೋರ್ಡಿಂಗ್‌ಗೆ ಬಿಟ್ಟಿದ್ದಕ್ಕೆ ಎರಡ್ ದಿನ ತಟ್ಟೆನೇ ಮುಟ್ಟಿರ್ಲಿಲ್ಲ, ಮನೆಗೆ ಬಂದ್ಮೇಲೂ ನನ್ ಮುಖ ನೋಡ್ತಿರ್ಲಿಲ್ಲ, ಹಾಗಾಗಿ ಆ ಸಲಹೆ ದಯವಿಟ್ಟು ಬೇಡ. ಮನೆ ಬೆಂಗಳೂರಿನ ಬನಶಂಕರಿಲಿ, ನೈಸ್ ರೋಡ್ ಹಿಡಿದು ಮಾದಾವರ, ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು, ಆಮೇಲೆ ಸಕಲೇಶಪುರದಲ್ಲಿ ಎರಡು ರಾತ್ರಿ ಹೋಂಸ್ಟೇ ಅಂತ ಅಂದ್ಕೊಂಡಿದೀನಿ. ಕಾರಲ್ಲಿ ಅವನಿಗೆ ವಾಂತಿ ಆಗುತ್ತೆ (ಬೋಂಡನಿಗೆ, ಫ್ರೆಂಡ್‌ಗಲ್ಲ). ಇನ್ನೊಂದು, ಫ್ರೆಂಡ್‌ಗೆ ನಾಯಿ ಅಂದ್ರೆ ಸ್ವಲ್ಪ ಭಯ. ಯಾರಾದ್ರೂ ಈ ತರ ಹೋಗಿದ್ರೆ ಹೇಳಿ.

ಚನ್ರಾಯಪಟ್ಣದ ಹುಡ್ಗ
ರೂಟ್ ಸರಿಯಾಗಿದೆ ಗುರು. ಸಕಲೇಶಪುರಕ್ಕೆ ಸುಮಾರು 220 ಕಿಮೀ, ಬೇಲೂರು ಸುತ್ಕೊಂಡು ಹೋದ್ರೆ ಇನ್ನೂ ಜಾಸ್ತಿ. ಶುಕ್ರವಾರ ಸಂಜೆ ಮಾತ್ರ ಹೊರಡ್ಬೇಡ, ನೆಲಮಂಗಲ ದಾಟೋಷ್ಟ್ರಲ್ಲೇ ನಾಯಿಗಿಂತ ಮುಂಚೆ ನಿಂಗೆ ವಾಂತಿ ಬರುತ್ತೆ. ಬೆಳಗ್ಗೆ ಐದಕ್ಕೆ ಬಿಡು. ನಾಯಿಗೆ ಹಿಂದಿನ ರಾತ್ರಿ ಊಟ ಹಾಕಿದ್ಮೇಲೆ ಬೆಳಗ್ಗೆ ಬರೀ ನೀರು, ತಿಂಡಿ ಏನಿದ್ರೂ ತಲುಪಿದ್ಮೇಲೆ. ಡಾಕ್ಟ್ರನ್ನ ಕೇಳಿದ್ರೆ ವಾಂತಿಗೆ ಮಾತ್ರೆ ಬರ್ಕೊಡ್ತಾರೆ, ಮನುಷ್ಯರ ಮಾತ್ರೆ ಮುರ್ದು ಕೊಡೋಕೆ ಹೋಗ್ಬೇಡ. ಹಿಂದಿನ ಸೀಟಲ್ಲಿ ಎದೆಪಟ್ಟಿ ಹಾಕಿ ಬೆಲ್ಟಿಗೆ ಕಟ್ಟು, ಫ್ರೆಂಡ್ ಮುಂದೆ ಕೂರ್ಲಿ, ಅವ್ನ ಭಯಾನೂ ಅರ್ಧ ಕಮ್ಮಿ ಆಗುತ್ತೆ.

ಬೇಲೂರು ದೇವಸ್ಥಾನದೊಳಗೆ ನಾಯಿ ಬಿಡಲ್ಲ, ಹಳೇಬೀಡಲ್ಲೂ ಅಷ್ಟೇ. ಒಬ್ರು ಒಳಗೆ ಹೋದ್ರೆ ಇನ್ನೊಬ್ರು ಹೊರಗೆ ಮರದ ನೆರಳಲ್ಲಿ ನಾಯಿ ಹಿಡ್ಕೊಂಡ್ ನಿಲ್ಬೇಕು. ನೀನು ಆಗ್ಲೇ ನೋಡಿರ್ತೀಯ, ಹೊರಗೆ ನಿಂತ್ಕೊ. ಅವ್ನಿಗೆ ಎರಡು ಗಂಟೆ ಬಿಡು, ವಿಷ್ಣುವರ್ಧನ 1117ರಲ್ಲಿ ಕಟ್ಸಿದ ಗುಡಿ, ಮದನಿಕೆಗಳನ್ನ ಕತ್ತೆತ್ತಿ ನೋಡೋಕೇ ಅಷ್ಟು ಬೇಕು. ಕಾರೊಳಗೆ ಮಾತ್ರ ನಾಯಿನ ಬಿಟ್ಟು ಹೋಗ್ಬೇಡ, ಡಿಸೆಂಬರ್ ಆದ್ರೂ ಮಧ್ಯಾಹ್ನದ ಬಿಸಿಲಿಗೆ ಗಾಜು ಮುಚ್ಚಿದ ಕಾರು ಹತ್ತು ನಿಮಿಷಕ್ಕೆ ಒಲೆ ಆಗುತ್ತೆ. ಟೈಮಿದ್ರೆ ಹಾಸನದ ಹತ್ರ ಶೆಟ್ಟಿಹಳ್ಳಿ ಚರ್ಚ್ ನೋಡಿ, ಗೊರೂರು ಹಿನ್ನೀರಲ್ಲಿ ಮಳೆಗಾಲ ಬಂದ್ರೆ ಅರ್ಧ ಮುಳುಗೋ ಪಾಳು ಗೋಡೆಗಳು, ನೀರು ಎಷ್ಟು ಇಳಿದಿದೆ ಅಂತ ವಿಚಾರಿಸ್ಕೊಂಡು ಹೋಗಿ.

ಮಲ್ನಾಡ್ ಮನೆಯವ್ಳು
ನಮ್ಮದು ಸಕಲೇಶಪುರ ಕಡೆ ತೋಟ, ಅದಕ್ಕೆ ಹೇಳ್ತಿದೀನಿ. ಡಿಸೆಂಬರ್‌ಗೆ ಇಂಬಳ (ಜಿಗಣೆ) ಕಾಟ ಇರಲ್ಲ, ಆದ್ರೆ ಉಣುಗು (ಉಣ್ಣಿ) ಶುರು ಆಗಿರುತ್ತೆ ಮಾರಾಯ್ರೆ. ಹೊರಡೋ ಮುಂಚೆನೇ ಡಾಕ್ಟ್ರ ಹತ್ರ ಅದಕ್ಕೆ ಔಷಧಿ ಹಾಕ್ಸಿ, ರಾತ್ರಿ ಕಿವಿಯೊಳಗೆ, ಬೆರಳ ಸಂದೀಲಿ, ಬಾಲದ ಬುಡದಲ್ಲಿ ಕೈಯಾಡಿಸಿ ನೋಡಿ. ಹೋದ್ವರ್ಷ ನೆಂಟರ ನಾಯಿಗೆ ಒಂದೇ ಕಿವೀಲಿ ಏಳು ಸಿಕ್ಕಿತ್ತು, ಕಡ್ಲೆ ಬೇಳೆ ಅಂಟಿಸಿದ ಹಾಗೆ. ಊರಿಗೆ ಹೋದ್ಮೇಲೆ ಜ್ವರ ಬಂದ್ರೆ ತಡ ಮಾಡ್ಬೇಡಿ.

ಈಗ ಕಾಫಿ ಕೊಯ್ಲು, ಕಣದಲ್ಲೆಲ್ಲ ಹಣ್ಣು ಒಣಗ್ತಿರುತ್ತೆ. ಸಿಹಿ ಇರುತ್ತಲ್ಲ, ಕೆಲವು ನಾಯಿ ತಿಂತಾವೆ, ಕೆಫೀನ್ ಅವಕ್ಕೆ ವಿಷ. ಹೋಂಸ್ಟೇಯವರಿಗೆ ಫೋನ್ ಮಾಡಿ ‘ನಾಯಿ ತರಬಹುದಾ’ ಅಂತ ಮಾತ್ರ ಕೇಳ್ಬೇಡಿ, ‘ನಿಮ್ಮನೇಲಿ ಎಷ್ಟು ನಾಯಿ ಇದೆ, ಕಟ್ಟಿರ್ತೀರಾ’ ಅಂತಾನೂ ಕೇಳಿ. ಬಾ ಬಾ ಅಂತ ಕರ್ದು ಆಮೇಲೆ ಗೇಟಲ್ಲೇ ಮೂರು ಎಸ್ಟೇಟ್ ನಾಯಿ ಎಗರಿದ್ರೆ ಕಷ್ಟ. ರಾತ್ರಿ ಜಗಲಿ ಮೇಲೆ ಕಟ್ಲೇಬೇಡಿ, ಚಿರತೆ ಹೊತ್ಕೊಂಡು ಹೋಗುತ್ತೆ, ಇದು ಹೆದರಿಸೋಕೆ ಹೇಳೋ ಕಥೆ ಅಲ್ಲ. ಆಲೂರು, ಸಕಲೇಶಪುರ ಸೀಮೇಲಿ ಆನೆನೂ ಇವೆ. ಬೆಳಗಿನ ಜಾವ ತೋಟದಲ್ಲಿ ನಾಯಿನ ಬಿಟ್ರೆ ಅದು ಆನೆ ಮೇಲೆ ಬೊಗಳಿ, ಹೆದರಿ ಓಡಿ ಬರೋದು ನಿಮ್ಮ ಹತ್ರಾನೇ, ಹಿಂದೆ ಆನೆ.

ಸುಮ್ನೆ ಒಂದ್ ಮಾತು
ಅಷ್ಟು ದೂರ ಯಾಕೆ? ಸೋಮನಾಥಪುರಕ್ಕೆ ಹೋಗಿ, ಒಂದೇ ದಿನದ ಕೆಲ್ಸ. ಗುಡಿ ಚಿಕ್ಕದು, ಗಂಟೇಲಿ ನೋಡ್ಬಹುದು, ಗರ್ಭಗುಡಿ ಮೂರು, ಹೊರಗೋಡೆ ಕೆತ್ತನೆ ಕಣ್ಣೆತ್ತರಕ್ಕೇ ಸಿಗುತ್ತೆ. ನನ್ ಕೇಳಿದ್ರೆ ಬೇಲೂರಿಗಿಂತ ಚೆಂದ, ಬೈಯೋರು ಬೈಯಿರಿ. ಅಲ್ಲಿಂದ ತಲಕಾಡಿಗೆ ಹೋದ್ರೆ ಮರಳು, ನಾಯಿಗೆ ಹಬ್ಬ. ಹೊಳೇಲಿ ಸುಳಿ ಇದೆ, ಹಗ್ಗ ಬಿಚ್ಬೇಡಿ.

ಬೋಂಡನ ಅಪ್ಪ
ಎಲ್ರಿಗೂ ಥ್ಯಾಂಕ್ಸ್. ಸೋಮನಾಥಪುರ ಐಡಿಯಾ ಚೆನ್ನಾಗಿದೆ, ಆದ್ರೆ ಅವ್ನಿಗೆ ಬೇಲೂರೇ ಬೇಕಂತೆ, ಮೆಸೇಜಲ್ಲಿ ಮದನಿಕೆ ಫೋಟೋನೇ ಕಳಿಸ್ತಿದಾನೆ. ಉಣುಗಿಗೆ ಔಷಧಿ ನಾಳೆನೇ ಹಾಕಿಸ್ತೀನಿ. ಹೋಂಸ್ಟೇಗೆ ಫೋನ್ ಮಾಡ್ದೆ, ಎರಡು ನಾಯಿ ಇದಾವಂತೆ, ನಾವು ಇರೋವರ್ಗೂ ಕಟ್ಟಿರ್ತೀವಿ ಅಂದ್ರು. ಬೋಂಡ ನಮ್ ರೂಮಲ್ಲೇ ಮಲಗ್ತಾನೆ ಅಂತ ಫ್ರೆಂಡ್‌ಗೆ ಹೇಳಿದ್ದಕ್ಕೆ ಐದು ನಿಮಿಷ ರಿಪ್ಲೈನೇ ಇಲ್ಲ, ಆಮೇಲೆ ‘ಯಾಕೆ, ಹೊರಗೆ ಕಟ್ಟೋಕಾಗಲ್ವಾ’ ಅಂದ. ಚಿರತೆ ವಿಷ್ಯ ಅವ್ನಿಗೆ ಇನ್ನೂ ಹೇಳಿಲ್ಲ.