ಸಹಾಯ ಬೇಕು: ಲಾರ್ಡ್ ಜಾನ್ ಗ್ರೇ ಕಥೆಗಳನ್ನು ಯಾವ ಕ್ರಮದಲ್ಲಿ ಓದಲಿ?

ಎಲ್ಲರಿಗೂ ನಮಸ್ಕಾರ. ಡಯಾನಾ ಗ್ಯಾಬಲ್ಡನ್ ಬರೆದ ಲಾರ್ಡ್ ಜಾನ್ ಗ್ರೇ ಸರಣಿ ಓದಿದವರು ಇಲ್ಲಿದ್ದೀರಾ? 18ನೇ ಶತಮಾನದ ಬ್ರಿಟಿಷ್ ಸೇನಾಧಿಕಾರಿ, ಕೊಲೆಯ ತನಿಖೆ, ಜೊತೆಗೆ ದೆವ್ವದ ಗುಮಾನಿ.

ನನಗೆ ಮೊದಲು ಸಿಕ್ಕಿದ್ದು 'ಸಕ್ಯೂಬಸ್' ಕಥೆ. 1757, ಜರ್ಮನ್ ನಾಡು, ಏಳು ವರ್ಷಗಳ ಯುದ್ಧ. ಮೋಹಿನಿ ಕಾಟದಿಂದ ಸೈನಿಕರು ಸಾಯುತ್ತಿದ್ದಾರೆ ಅಂತ ಗುಲ್ಲು. ಅವಳ ಗೋರಿ ಹುಡುಕಲು ಬಿಳಿ ಗಂಡುಕುದುರೆಯನ್ನು ಸ್ಮಶಾನದೊಳಗೆ ನಡೆಸುತ್ತಾರೆ. ಅದು ದಾಟಲು ಒಪ್ಪದ ಗೋರಿಯೇ ಅವಳದ್ದಂತೆ! ಆ ಭಾಗ ಓದುವಾಗ ಮೈ ಜುಂ ಅಂತು. ಗ್ರೇ ಮಾತ್ರ ಇದನ್ನೆಲ್ಲ ಸುಲಭಕ್ಕೆ ನಂಬುವ ಆಸಾಮಿ ಅಲ್ಲ, ಅದೇ ನನಗೆ ಜಾಸ್ತಿ ಹಿಡಿಸಿದ್ದು.

ಈಗ ನನ್ನ ಪ್ರಶ್ನೆ. ಗ್ರೇ ಮೂಲತಃ ಇದೇ ಲೇಖಕಿಯ 'ಔಟ್‌ಲ್ಯಾಂಡರ್' ಕಾದಂಬರಿ ಸರಣಿಯ ಪಾತ್ರ ಅಲ್ವಾ, ಆ ದಪ್ಪ ದಪ್ಪ ಪುಸ್ತಕಗಳನ್ನು ಮೊದಲು ಓದಲೇಬೇಕಾ? ಅಥವಾ 2003ರ ಮೊದಲ ಕಾದಂಬರಿಯಿಂದ ಶುರು ಮಾಡಿದರೆ ಸಾಕಾ? ಜಮೈಕಾದ ಜೋಂಬಿ ಕಥೆಗೆ ನೇರವಾಗಿ ಹಾರಲು ಆಸೆಯೇನೋ ಇದೆ.

'ಹ್ಯಾಂಡ್ ಆಫ್ ಡೆವಿಲ್ಸ್' ಸಂಕಲನ ಮೈಸೂರಲ್ಲಿ ಯಾರ ಹತ್ತಿರವಾದರೂ ಇದ್ದರೆ ಎರವಲು ಕೊಡ್ತೀರಾ? ಜೋಪಾನವಾಗಿ ವಾಪಸ್ ಕೊಡುತ್ತೇನೆ. ಕೊಲೆಗಾರ ಯಾರು ಅಂತ ಮಾತ್ರ ಕಾಮೆಂಟಲ್ಲಿ ಹೇಳಬೇಡಿ ಮಾರಾಯ್ರೆ.