ರಿವಾಲ್ವರಿಗೆ ಲೇಸರ್ ಹಾಕಿಸೋ ಮುಂಚೆ ಆರ್ಮರರ್ ಸಾಹೇಬ್ರನ್ನ ಕೇಳಿ

ಅಡ್ಮಿನ್: ಇವತ್ತು ಸಂಜೆ ಬಳ್ಳಾರಿಯ ನಿವೃತ್ತ ಪೊಲೀಸ್ ಆರ್ಮರರ್ (ಇಲಾಖೆಯ ಬಂದೂಕು, ಪಿಸ್ತೂಲು ನೋಡ್ಕೊಳ್ಳೋರು) ಸಾಹೇಬ್ರು ನಮ್ಮ ಜೊತೆ ಇದ್ದಾರೆ. ವಿಷಯ: ಲೈಸೆನ್ಸ್ ಇರೋ ರಿವಾಲ್ವರ್, ಪಿಸ್ತೂಲಿಗೆ ಲೇಸರ್ ಸೈಟ್, ಅಂದ್ರೆ ಗುರಿ ಮೇಲೆ ಬೆಳಕಿನ ಚುಕ್ಕಿ ಬಿಡೋ ಸಾಧನ. ಹೊಸ ಲೈಸೆನ್ಸ್ ಮಾಡಿಸೋದು ಹೆಂಗೆ ಅಂತ ಕೇಳಬೇಡಿ.

ಸಿರುಗುಪ್ಪ: ನಮಸ್ಕಾರ ಸರ್. ಕಾನ್ಪುರದ .32 ರಿವಾಲ್ವರ್ ಐತೆ. ಕೆಂಪು ಲೇಸರ್ ತಗೊಳ್ಳಲೋ, ಹಸಿರೋ?

ಆರ್ಮರರ್: ನಮಸ್ಕಾರ. ಅದರ ನಳಿಗೆ ಕೆಳಗೆ ಲೇಸರ್ ಕಚ್ಚಿಸೋ ರೈಲ್ (ಪಟ್ಟಿ) ಇಲ್ಲ. ಬಣ್ಣ ಆಮೇಲೆ, ಮೊದಲು ಲೇಸರ್ ಕೂರೋಕೆ ಜಾಗ ನೋಡಿ. ಕುದುರೆ (ಟ್ರಿಗರ್) ಸುತ್ತಲಿನ ಬಳೆಗೆ ಕಚ್ಚೋದು ಇಲ್ಲಾ ಹಿಡಿಯ ಜೊತೆಗೇ ಬರೋದು, ಅದೂ ನಿಮ್ಮ ಮಾಡೆಲ್‌ಗೇ ಅಂತ ಮಾಡಿದ್ದು ಸಿಕ್ಕರೆ ಮಾತ್ರ. ಫ್ರೇಮಿಗೆ ತೂತು ಹೊಡೆಸಬೇಡಿ. ಇನ್ನು ಬಣ್ಣ. ನಮ್ಮ ಕಣ್ಣು ಹಸಿರಿಗೆ ಚುರುಕು. ಅಷ್ಟೇ ಶಕ್ತಿಯ, 650 ನ್ಯಾನೋಮೀಟರ್ ತರಂಗಾಂತರದ ಕೆಂಪಿಗಿಂತ 532ರ ಹಸಿರು ಸುಮಾರು ಎಂಟು ಪಟ್ಟು ಬೆಳಗಿ ಕಾಣುತ್ತೆ. ಬ್ಯಾಟರಿ ಮಾತ್ರ ಬೇಗ ತಿನ್ನುತ್ತೆ.

ಸಂಡೂರು ಲಾರಿ: ಎಂಟು ಪಟ್ಟು ಅಂತ ಹೆದರಿಸಬೇಡಿ ಸರ್. 635ರ ಕೆಂಪು ತಗೊಂಡ್ರೆ ಅಷ್ಟು ವ್ಯತ್ಯಾಸ ಇರಲ್ಲ.

ಆರ್ಮರರ್: ಹೌದು, ಆಗ ನಾಲ್ಕು ಪಟ್ಟು. ನಮ್ಮ ಮೇ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಬಂದು ಆ ಕೆಂಪು ಚುಕ್ಕಿ ಹುಡುಕಿ ತೋರಿಸಿ.

ಕುಷ್ಟಗಿ: ಸರ್ರ, ಯಾವ ಕಂಪನೀದು ಚಲೋ?

ಲಿಂಗಸುಗೂರು: ನೂರು ರೂಪಾಯಿ ಲೇಸರ್ ಪೆನ್ನು ನಳಿಗಿಗೆ ಅಂಟು ಹಚ್ಚಿ ಕೂಡಿಸಿದ್ರ ಸಾಕಂತ. ವೀಡಿಯೋ ಬಂದೈತಿ, ಹಾಕ್ಲೇನ್ರಿ?

ಆರ್ಮರರ್: ಹಾಕಬೇಡಿ. ನಾಲ್ಕು ಈಡಿಗೆ ನಳಿಗೆ ಕಾಯುತ್ತೆ, ಒದೆತಕ್ಕೆ ಅಂಟು ಸಡಿಲುತ್ತೆ, ಚುಕ್ಕಿ ಒಂದು ಕಡೆ, ಗುಂಡು ಇನ್ನೊಂದು ಕಡೆ. ಅಗ್ಗದ ಹಸಿರು ಪೆನ್ನುಗಳ ಒಳಗೆ ಕಣ್ಣಿಗೆ ಕಾಣದ ಅವಗೆಂಪು ಬೆಳಕೂ ಹುಟ್ಟುತ್ತೆ. ಅದನ್ನ ತಡೆಯೋ ಫಿಲ್ಟರ್ ಎಷ್ಟೋ ಪೆನ್ನಿನಲ್ಲಿ ಇರಲ್ಲ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚಲ್ಲ.

ಲಿಂಗಸುಗೂರು: ಕಣ್ಣಿಗೆ ಬಿದ್ರ ಎದಿಹಾಲು ಇಲ್ಲಾ ಜೇನು ಬಿಟ್ರ ತಂಪಾಗ್ತದ ಅಂತ ಅದರಾಗ ಹೇಳ್ಯಾರ.

ಆರ್ಮರರ್: ಸುಡೋದು ಕಣ್ಣಿನ ಹಿಂದಿನ ಪರದೆ ರೀ. ಮೇಲಿಂದ ಬಿಟ್ಟ ಜೇನು ಅಲ್ಲಿಗೆ ಹೋಗಲ್ಲ. ನೋಟದ ನಡುವೆ ಕಲೆ ಕಂಡರೆ ಅವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿ. ಇಂಥ ಫಾರ್ವರ್ಡ್ ಇನ್ನೊಂದು ಹಾಕಿದ್ರೆ ನಾನು ಗುಂಪು ಬಿಡ್ತೀನಿ.

ಗಂಗಾವತಿ ರೈಸ್ ಮಿಲ್: ಸರ್ರ, ನಂದು ಪಿಸ್ತೂಲು, ಲೇಸರ್ ಹಾಕಿಸಿ ತಿಂಗಳಾತು. ರಾತ್ರಿ ನಾಯಿ ಬೊಗಳಿದ್ರ ಎದ್ದು, ಲೇಸರ್ ಹಚ್ಚಿ ಕಂಪೌಂಡ್ ಪೂರ್ತಿ ಒಂದು ಸುತ್ತು ನೋಡ್ತೀನಿ. ಚುಕ್ಕಿ ಬಾಳ ಅಲುಗಾಡ್ತೈತಿ. ನಿನ್ನೆ ರಾತ್ರಿ ಭತ್ತದ ಚೀಲದ ಮ್ಯಾಲೆ ಹಿಡಿದಿದ್ದೆ, ಜಾರಿ ಅಲ್ಲೇ ಮಲಗಿದ್ದ ವಾಚ್‌ಮನ್ ಮ್ಯಾಲೆ ಹೋತು. ಅಲುಗಾಡಲಾರದ ಲೇಸರ್ ಯಾವುದು ಹೇಳ್ರಿ.

ಆರ್ಮರರ್: ಉಳಿದವರು ಸ್ವಲ್ಪ ತಡೀರಿ. ಪಿಸ್ತೂಲಿನಲ್ಲಿ ತೋಟಾ ಇತ್ತಾ?

ಗಂಗಾವತಿ ರೈಸ್ ಮಿಲ್: ಇತ್ರಿ. ಇಲ್ಲಂದ್ರ ಏನು ಉಪಯೋಗ?

ಆರ್ಮರರ್: ಅಲುಗಾಡ್ತಿರೋದು ಲೇಸರ್ ಅಲ್ಲ, ನಿಮ್ಮ ಕೈ. ಎಲ್ಲರ ಕೈಯೂ ಅಲುಗಾಡುತ್ತೆ. ಸಾದಾ ಸೈಟಿನಲ್ಲಿ ಗೊತ್ತಾಗ್ತಿರಲಿಲ್ಲ, ಚುಕ್ಕಿ ಅದನ್ನ ಗೋಡೆ ಮೇಲೆ ಬರೆದು ತೋರಿಸ್ತೈತೆ, ಅಷ್ಟೇ. ಚುಕ್ಕಿ ನಿಲ್ಲಲಿ ಅಂತ ಕಾಯ್ತಾ ನಿಂತವನು ಅದು ನಿಂತಂಗೆ ಕಂಡ ಕ್ಷಣ ಕುದುರೆ ಜಗ್ಗಿ ಎಳೀತಾನೆ, ಈಡು ಕೆಳಗೆ ಹೋಗುತ್ತೆ.

ನನಗೆ ಚಿಂತೆ ಅದಲ್ಲ. ನೀವು ಪಿಸ್ತೂಲನ್ನ ಟಾರ್ಚ್ ಮಾಡ್ಕೊಂಡಿದ್ದೀರಿ. ಚುಕ್ಕಿ ಎಲ್ಲೆಲ್ಲಿ ಹೋಯ್ತೋ ಅಲ್ಲೆಲ್ಲ ನಳಿಗೆ ತಿರುಗಿತ್ತು. ಚುಕ್ಕಿ ಏನನ್ನೂ ತೋರಿಸಲ್ಲ, ಕತ್ತಲಲ್ಲಿ ಎದುರಿಗಿರೋದು ಕಳ್ಳನೋ ಹಮಾಲನೋ ಹೇಳಲ್ಲ. ಮೊದಲು ಎಡಗೈಲಿ ಟಾರ್ಚ್ ಹಿಡಿದು ಯಾರು ಅಂತ ನೋಡಬೇಕು, ಕೂಗಿ ಕೇಳಬೇಕು. ಅಲ್ಲಿವರೆಗೆ ನಳಿಗೆ ನೆಲಕ್ಕೆ, ಬೆರಳು ಕುದುರೆಯಿಂದ ಹೊರಗೆ. ನಿನ್ನೆ ಬೆರಳು ಎಲ್ಲಿತ್ತು?

ಇನ್ನೊಂದು. ಲೇಸರ್ ನಳಿಗೆಗಿಂತ 4 ಸೆಂಟಿಮೀಟರ್ ಕೆಳಗೆ ಕೂತಿದೆ, 7 ಮೀಟರಿಗೆ ಹೊಂದಿಸಿದ್ದಾರೆ ಅಂತಿಟ್ಕೊಳ್ಳಿ. ಏಳರಲ್ಲಿ ಚುಕ್ಕಿಗೂ ಗುಂಡಿಗೂ ಒಂದೇ ಜಾಗ. ಮೂರೂವರೆಯಲ್ಲಿ ಗುಂಡು ಚುಕ್ಕಿಗಿಂತ 2 ಸೆಂಟಿಮೀಟರ್ ಮೇಲೆ, ಹದಿನಾಲ್ಕರಲ್ಲಿ 4 ಸೆಂಟಿಮೀಟರ್ ಕೆಳಗೆ. ನಿಮಗೆ ಯಾರಾದರೂ ರೇಂಜಿನಲ್ಲಿ ಈಡು ಹಾರಿಸಿ ಹೊಂದಿಸಿ ಕೊಟ್ಟಿದ್ದಾರಾ, ಇಲ್ಲಾ ಅಂಗಡಿ ಗೋಡೆಗೆ ಚುಕ್ಕಿ ತೋರಿಸಿ ಕಳಿಸಿದ್ರಾ?

ಗಂಗಾವತಿ ರೈಸ್ ಮಿಲ್: ಗೋಡೆಗೇ ರೀ.

ಆರ್ಮರರ್: ಅದೇ ಅಂದ್ಕೊಂಡೆ. ಲೇಸರ್ ಬಿಚ್ಚಿಡಿ. ಬೇಕಿದ್ದರೆ ತಿಳಿದವರು ಪಕ್ಕದಲ್ಲಿದ್ದು, ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು ಛೇಂಬರ್ ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ, ತೋಟಾ ಇನ್ನೊಂದು ಕೋಣೆಯಲ್ಲಿಟ್ಟು, ಖಾಲಿ ಕ್ಲಿಕ್ ಅಭ್ಯಾಸ ಮಾಡಿ. ಕುದುರೆ ಎಳೆದಾಗ ಚುಕ್ಕಿ ಯಾವ ಕಡೆ ಹಾರುತ್ತೋ ಅದೇ ನಿಮ್ಮ ತಪ್ಪು. ಲೇಸರಿನ ನಿಜವಾದ ಉಪಯೋಗ ಇದೇ ಅಂತೀನಿ ನಾನು.

ಮಾನ್ವಿ ಮೇಷ್ಟ್ರು: ಮೂವತ್ತು ವರ್ಷದಾಗ ಒಂದ ಸಲನಾದ್ರೂ ಇವ್ರಿಗೆ ಪಿಸ್ತೂಲು ಕೆಲಸಕ್ಕ ಬಂದದೇನು ಕೇಳ್ರಿ. ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಒಯ್ದು ಕೊಡೋದೊಂದ ಕೆಲಸ.

ಸಂಡೂರು ಲಾರಿ: ಮೇಷ್ಟ್ರೇ, ರಾತ್ರಿ ಎರಡಕ್ಕೆ ಕ್ಯಾಶ್ ಹಿಡ್ಕೊಂಡು ಬರೋರ ಕಷ್ಟ ನಿಮಗೇನು ಗೊತ್ತು?

ಮಾನ್ವಿ ಮೇಷ್ಟ್ರು: ಕ್ಯಾಶ್ ಯಾಕ? ಬ್ಯಾಂಕಿಗೆ ಕಟ್ಟಿದ್ರ ಲೆಕ್ಕ ಸಿಗ್ತದಂತೇನು?

ಸಂಡೂರು ಲಾರಿ: ಬಾಯಿ ಹಿಡಿತದಲ್ಲಿರಲಿ.

ಕನಕಗಿರಿ: ಜಗಳ ಬಿಡ್ರಿ. ಹೊಲಕ್ಕ ಕರಡಿ ಬರ್ತದ. ಹಸಿರು ಲೇಸರ್ ಬಿಟ್ರ ಓಡ್ತದಂತ, ಖರೇ ಏನ್ರಿ?

ಆರ್ಮರರ್: ಚುಕ್ಕಿ ನೆಚ್ಕೊಂಡು ಕರಡಿ ಎದುರು ನಿಲ್ಲಬೇಡಿ. ಅದು ಗಾಬರಿಯಾದಾಗಲೇ ಮೈಮೇಲೆ ಬರೋದು. ಮಾತಾಡ್ತಾ, ಸದ್ದು ಮಾಡ್ತಾ ನಾಲ್ಕು ಜನ ಹೋಗಿ. ಪಿಸ್ತೂಲು ಎತ್ತಬೇಡಿ, 1972ರ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನ ಪ್ರಾಣಿ ಅದು.

ಸಿಂಧನೂರು: ತಮ್ಮನ ಮದುವಿ ಐತಿ. ಬರೀ ಗಾಳಿಗೆ ಒಂದೆರಡು ಹೊಡೆದ್ರ?

ಆರ್ಮರರ್: ಎರಡು ವರ್ಷದವರೆಗೆ ಜೈಲು, ಇಲ್ಲಾ ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ.

ಸಿರುಗುಪ್ಪ: ಹೊಲದಾಗ ಹೊಡೆದು ಲೇಸರ್ ಹೊಂದಿಸಬಹುದಾ ಸರ್?

ಆರ್ಮರರ್: ಇಲ್ಲ. ರೇಂಜ್.

ಕುಷ್ಟಗಿ: ಸರ್ರ, ಕಂಪನಿ ಕೇಳಿದ್ದೆ.

ಸಂಡೂರು ಲಾರಿ: ಮೇಷ್ಟ್ರು ಮೊದಲು ಕ್ಷಮೆ ಕೇಳಬೇಕು. ಇಲ್ಲಾಂದ್ರೆ ಅಡ್ಮಿನ್ ಅವರನ್ನ ತೆಗೀಬೇಕು.

ಅಡ್ಮಿನ್: ಇಬ್ರೂ ಸುಮ್ಮನಿರಿ.

ಗಂಗಾವತಿ ರೈಸ್ ಮಿಲ್: ಸರ್ರ, ಬಿಚ್ಚಿಟ್ಟೆ. ಬೆರಳು ಎಲ್ಲಿತ್ತೋ ನೆನಪಿಲ್ರಿ. ವಾಚ್‌ಮನ್‌ಗೇನೂ ಗೊತ್ತಾಗಿಲ್ಲ ಬಿಡ್ರಿ, ಮಲಗಿದ್ದ.

ಆರ್ಮರರ್: ನಾಯಿ ಅಷ್ಟು ಬೊಗಳ್ತಿದ್ದಾಗ ಮಲಗಿದ್ನಾ? ಎದೆ ಮೇಲೆ ಬಿದ್ದ ಚುಕ್ಕಿ ಅವನಿಗೂ ಕಾಣುತ್ತೆ ರೀ.

ಗಂಗಾವತಿ ರೈಸ್ ಮಿಲ್: ಇವತ್ತು ಕೆಲಸಕ್ಕ ಬಂದಿಲ್ಲ ಅವ.