ಪ್ಲೇಟೊನ ನ್ಯಾಯ ಸಿದ್ಧಾಂತ ತಲೆಗೆ ಹತ್ತುತ್ತಿಲ್ಲ, ಓದಿದವರು ದಾರಿ ತೋರಿಸಿ

ಕೇಳಿದವರು (ರಾಜ್ಯಶಾಸ್ತ್ರ ಎಂ.ಎ. ವಿದ್ಯಾರ್ಥಿನಿ)

ಪ್ಲೇಟೊನ ‘ರಿಪಬ್ಲಿಕ್’ ನಮ್ಮ ಸಿಲೆಬಸ್‌ನಲ್ಲಿದೆ. ನೋಟ್ಸ್‌ನಲ್ಲಿ ಇರುವುದು ಇಷ್ಟೇ: ಆಳುವವರು, ಸೈನಿಕರು, ದುಡಿಯುವವರು ಅಂತ ಮೂರು ವರ್ಗ. ಅವರವರ ಕೆಲಸ ಅವರವರು ಮಾಡಿದರೆ ಅದೇ ನ್ಯಾಯ, ಅದರಿಂದ ಸಾಮರಸ್ಯ. ಬಾಯಿಪಾಠ ಮಾಡಿ ಬರೆದರೆ ಮಾರ್ಕ್ಸ್ ಬರುತ್ತದೆ, ಆದರೆ ಇದು ನ್ಯಾಯ ಹೇಗಾಯಿತು ಅನ್ನುವುದೇ ಗೊತ್ತಾಗುತ್ತಿಲ್ಲ. ಕೋರ್ಟು, ಹಕ್ಕು, ಸಮಾನತೆ ಒಂದೂ ಇಲ್ಲವಲ್ಲ? ಸಂಯಮಕ್ಕೂ ನ್ಯಾಯಕ್ಕೂ ಏನು ವ್ಯತ್ಯಾಸ? ಇದು ನಮ್ಮ ವರ್ಣ ವ್ಯವಸ್ಥೆಯ ಥರವೇ ಇದೆ ಅಲ್ವಾ? ನೀವೆಲ್ಲ ಹೇಗೆ ಓದಿದಿರಿ ಹೇಳಿ.

ಪದವಿ ಕಾಲೇಜಿನಲ್ಲಿ ಪಾಠ ಮಾಡುವವರು

ನೋಟ್ಸ್ ನಿಮಗೆ ಉತ್ತರ ಕೊಟ್ಟಿದೆ, ಪ್ರಶ್ನೆ ಕೊಟ್ಟಿಲ್ಲ. ತೊಂದರೆ ಇರುವುದು ಅಲ್ಲೇ. ನಾನು ತರಗತಿಯಲ್ಲಿ ಮೂರು ವರ್ಗದಿಂದ ಶುರು ಮಾಡುವುದೇ ಇಲ್ಲ. ‘ರಿಪಬ್ಲಿಕ್’ನ ಎರಡನೇ ಪುಸ್ತಕದ (ಅದರ ಒಂದೊಂದು ಭಾಗಕ್ಕೂ ಪುಸ್ತಕ ಅಂತಲೇ ಹೆಸರು) ಉಂಗುರದ ಕತೆಯಿಂದ ಶುರು ಮಾಡುತ್ತೇನೆ.

ಲಿಡಿಯಾ ದೇಶದ ಒಬ್ಬ ಕುರುಬ. ಭೂಕಂಪವಾಗಿ ನೆಲ ಬಿರಿಯುತ್ತದೆ. ಒಳಗೆ ಇಳಿದರೆ ಕಂಚಿನ ಟೊಳ್ಳು ಕುದುರೆ, ಅದರೊಳಗೆ ಒಂದು ಹೆಣ, ಹೆಣದ ಕೈಯಲ್ಲಿ ಚಿನ್ನದ ಉಂಗುರ. ಉಂಗುರದ ಹರಳನ್ನು ಅಂಗೈ ಕಡೆಗೆ ತಿರುಗಿಸಿದರೆ ಇವನು ಯಾರ ಕಣ್ಣಿಗೂ ಕಾಣುವುದಿಲ್ಲ. ಅರಮನೆಗೆ ಹೋಗಿ ರಾಣಿಯನ್ನು ಒಲಿಸಿಕೊಂಡು, ರಾಜನನ್ನು ಕೊಂದು, ತಾನೇ ರಾಜನಾಗುತ್ತಾನೆ. ‘ರಿಪಬ್ಲಿಕ್’ ಇಡೀ ಸಾಕ್ರಟೀಸ್ ನಡೆಸುವ ಮಾತುಕತೆ. ಈ ಕತೆ ಹೇಳಿದ ಗ್ಲಾಕನ್ (ಪ್ಲೇಟೊನ ಸೋದರ) ಅವನನ್ನು ಕೇಳುವುದು ಇದು: ಸಿಕ್ಕಿಬೀಳುವ ಭಯವೇ ಇಲ್ಲ ಅಂದರೆ ಯಾರು ತಾನೇ ನ್ಯಾಯವಾಗಿ ಇರುತ್ತಾರೆ? ಶಿಕ್ಷೆ ಬೇಡ, ಹೆಸರು ಬೇಡ, ಬಹುಮಾನ ಬೇಡ. ಇವನ್ನೆಲ್ಲ ತೆಗೆದುಹಾಕಿ, ನ್ಯಾಯದಿಂದ ಆ ಮನುಷ್ಯನಿಗೇ ಏನು ಲಾಭ ಅಂತ ತೋರಿಸು.

ನ್ಯಾಯ ಅಂದರೆ ಹೊರಗಿನ ನಿಯಮ ಅಂತ ಇಟ್ಟುಕೊಂಡರೆ ಇದಕ್ಕೆ ಉತ್ತರ ಇಲ್ಲ. ಕೋರ್ಟು, ಹಕ್ಕು ಅಲ್ಲಿ ಯಾಕೆ ಕಾಣುವುದಿಲ್ಲ ಅಂದರೆ, ಪ್ಲೇಟೊ ಹುಡುಕುತ್ತಿರುವುದು ಮನಸ್ಸಿನೊಳಗಿನ ಒಂದು ಸ್ಥಿತಿಯನ್ನು. ಊರು ಬರುವುದು ಆಮೇಲೆ. ಸಣ್ಣ ಅಕ್ಷರ ದೂರದಿಂದ ಓದಲಾಗದಿದ್ದರೆ, ಅದೇ ಬರಹ ಇನ್ನೊಂದು ಕಡೆ ದೊಡ್ಡ ಅಕ್ಷರದಲ್ಲಿದ್ದರೆ ಮೊದಲು ಅದನ್ನು ಓದೋಣ ಅನ್ನುತ್ತಾನೆ ಸಾಕ್ರಟೀಸ್. ಊರು ದೊಡ್ಡ ಅಕ್ಷರ, ಮನುಷ್ಯ ಸಣ್ಣ ಅಕ್ಷರ. ನೋಟ್ಸ್ ದೊಡ್ಡ ಅಕ್ಷರದಲ್ಲೇ ನಿಂತುಬಿಟ್ಟಿದೆ.

ಇನ್ನು ಸಂಯಮ ಮತ್ತು ನ್ಯಾಯ. ನಾಲ್ಕನೇ ಪುಸ್ತಕದಲ್ಲಿ ವಿವೇಕ ಆಳುವವರಲ್ಲಿ ಇರುತ್ತದೆ, ಧೈರ್ಯ ಸೈನಿಕರಲ್ಲಿ. ಸಂಯಮ ದುಡಿಯುವವರ ಗುಣ ಅಂತ ಎಷ್ಟೋ ಗೈಡುಗಳಲ್ಲಿ ಬರೆದಿರುತ್ತದೆ. ಅದು ತಪ್ಪು. ಯಾರು ಆಳಬೇಕು ಅನ್ನುವ ವಿಷಯದಲ್ಲಿ ಮೂರೂ ವರ್ಗಕ್ಕೆ ಇರುವ ಒಪ್ಪಿಗೆಯೇ ಸಂಯಮ, ಹಾಗಾಗಿ ಅದು ಇಡೀ ಊರಿಗೆ ಹರಡಿಕೊಂಡಿರುತ್ತದೆ. ನ್ಯಾಯ ಅಂದರೆ ಒಂದು ಭಾಗ ಇನ್ನೊಂದರ ಕೆಲಸಕ್ಕೆ ಕೈ ಹಾಕದೆ ತನ್ನದನ್ನು ಮಾಡುವುದು. ಒಂದು ಒಪ್ಪಿಗೆ, ಇನ್ನೊಂದು ನಡೆ.

ಹಾಗಂತ ಚಪ್ಪಲಿ ಹೊಲಿಯುವವನು ಜೀವಮಾನವೆಲ್ಲ ಚಪ್ಪಲಿಯನ್ನೇ ಹೊಲಿಯಬೇಕು ಅನ್ನುವುದು ಇಲ್ಲಿನ ಗುರಿಯಲ್ಲ. ಬಡಗಿ ಮತ್ತು ಚಪ್ಪಲಿ ಹೊಲಿಯುವವನು ಕೆಲಸ, ಉಪಕರಣ ಅದಲುಬದಲು ಮಾಡಿಕೊಂಡರೆ ಊರಿಗೇನೂ ದೊಡ್ಡ ಕೇಡಿಲ್ಲ ಅಂತ ಅಲ್ಲೇ ಹೇಳಿದೆ. ಹಣದ ಬಲದಿಂದಲೋ ಜನಬಲದಿಂದಲೋ ಒಬ್ಬ ವ್ಯಾಪಾರಿ ಸೇನೆಗೆ ನುಗ್ಗಿದರೆ, ಯೋಗ್ಯತೆಯಿಲ್ಲದ ಸೈನಿಕ ಆಳಲು ಕೂತರೆ, ಆಗ ಊರು ಹಾಳು.

ಇತಿಹಾಸ ಓದುವ ಹವ್ಯಾಸದವರು

ಮೇಡಂ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಈ ಮಾತುಕತೆ ಅಥೆನ್ಸಿನ ಬಂದರು ಪಿರೇಯಸ್‌ನಲ್ಲಿ, ಮುದುಕ ಕೆಫಾಲಸ್‌ನ ಮಗ ಪೊಲೆಮಾರ್ಕಸ್‌ನ ಮನೆಯಲ್ಲಿ ನಡೆಯುತ್ತದೆ. ಹೊರಗಿನಿಂದ ಬಂದು ನೆಲೆಸಿದ ಕುಟುಂಬ ಅವರದು, ಗುರಾಣಿ ತಯಾರಿಸುವ ಕಾರ್ಖಾನೆ ಇತ್ತು. ಪೊಲೆಮಾರ್ಕಸ್ ಮೊದಲ ಪುಸ್ತಕದಲ್ಲಿ ವಾದ ಮಾಡುತ್ತಾನೆ: ಗೆಳೆಯರಿಗೆ ಒಳಿತು, ಶತ್ರುಗಳಿಗೆ ಕೇಡು ಮಾಡುವುದೇ ನ್ಯಾಯ ಅಂತ.

ಕ್ರಿ.ಪೂ. 404ರಲ್ಲಿ ಅಥೆನ್ಸ್ ಯುದ್ಧದಲ್ಲಿ ಸೋತು, ಮೂವತ್ತು ಜನರ ಗುಂಪೊಂದು ಅಧಿಕಾರ ಹಿಡಿಯಿತು. ಇದೇ ಪೊಲೆಮಾರ್ಕಸ್‌ನನ್ನು ಹಿಡಿದು, ವಿಚಾರಣೆ ಇಲ್ಲದೆ ವಿಷ ಕುಡಿಸಿ ಕೊಂದರು. ಆಸ್ತಿ ದೋಚಿದರು. ಅವನ ಹೆಂಡತಿಯ ಕಿವಿಯಲ್ಲಿದ್ದ ಚಿನ್ನದ ಓಲೆಯನ್ನೂ ಕಿತ್ತುಕೊಂಡರು ಅಂತ ತಮ್ಮ ಲಿಸಿಯಸ್ ಆಮೇಲೆ ಕೋರ್ಟಿನಲ್ಲಿ ಹೇಳಿದ್ದಾನೆ, ಆ ಭಾಷಣ ಇವತ್ತಿಗೂ ಉಳಿದಿದೆ. ಆ ಗುಂಪಿನ ಮುಂದಾಳು ಕ್ರಿಟಿಯಸ್ ಪ್ಲೇಟೊನ ತಾಯಿಯ ಕಡೆಯ ನೆಂಟ. ಐದು ವರ್ಷ ಕಳೆದು 399ರಲ್ಲಿ, ಮತ್ತೆ ಬಂದ ಪ್ರಜಾಪ್ರಭುತ್ವ ಸಾಕ್ರಟೀಸನಿಗೆ ಮರಣದಂಡನೆ ಕೊಟ್ಟಿತು. ಸ್ವಂತ ನೆಂಟರ ಆಡಳಿತವನ್ನೂ ನೋಡಿ, ಅವರ ವಿರೋಧಿಗಳದ್ದನ್ನೂ ನೋಡಿದವನು ಬರೆದ ಪುಸ್ತಕ ಇದು. ‘ಬಲಶಾಲಿಗೆ ಅನುಕೂಲವಾದದ್ದೇ ನ್ಯಾಯ’ ಅಂತ ಅದೇ ಮೊದಲ ಪುಸ್ತಕದಲ್ಲಿ ಥ್ರಾಸಿಮಾಕಸ್ ಅನ್ನುವ ಭಾಷಣಕಲೆಯ ಮೇಷ್ಟ್ರು ಅಬ್ಬರಿಸುವುದನ್ನು ಇದೆಲ್ಲ ಗೊತ್ತಿದ್ದು ಓದಿದರೆ ಬೇರೆಯೇ ಕೇಳಿಸುತ್ತದೆ.

ವೀಣೆ ಕಲಿಯುವವರು

ನನಗೆ ಈ ಸಿದ್ಧಾಂತದ ಬಾಗಿಲು ತೆರೆದದ್ದು ಸಂಗೀತದಿಂದ. ಸಾಮರಸ್ಯ ಅಂದರೆ ಜಗಳ ಇಲ್ಲದೆ ಸುಮ್ನೆ ಹೊಂದಿಕೊಂಡು ಹೋಗುವುದು ಅಂತ ನಾವು ಅಂದುಕೊಳ್ಳುತ್ತೇವೆ. ನಾಲ್ಕನೇ ಪುಸ್ತಕದ ಕೊನೆಗೆ, ಪುಟದ ಅಂಚಿನ ಸಂಖ್ಯೆ 443ರ ಹತ್ತಿರ, ನ್ಯಾಯವಂತ ತನ್ನೊಳಗಿನ ಮೂರು ಭಾಗಗಳನ್ನು (ಬುದ್ಧಿ, ರೋಷ, ಆಸೆ) ಮಂದ್ರ, ಮಧ್ಯ, ತಾರ ಸ್ವರಗಳ ಹಾಗೆ ಶ್ರುತಿ ಮಾಡಿಕೊಳ್ಳುತ್ತಾನೆ ಅನ್ನುವ ಮಾತು ಬರುತ್ತದೆ. ವೀಣೆಯ ತಂತಿಗಳನ್ನೆಲ್ಲ ಒಂದೇ ಸ್ವರಕ್ಕೆ ಬಿಗಿದರೆ ನುಡಿಸುವುದಕ್ಕೆ ಏನು ಉಳಿಯುತ್ತದೆ? ಬೇರೆ ಬೇರೆಯಾಗಿಯೇ ಇರಬೇಕು, ಆದರೆ ಒಂದಕ್ಕೊಂದು ಲೆಕ್ಕ ತಪ್ಪಬಾರದು.

ತಮಾಷೆ ಅಂದರೆ, ಅರಿಸ್ಟಾಟಲ್ ‘ಪಾಲಿಟಿಕ್ಸ್’ ಎರಡನೇ ಪುಸ್ತಕದಲ್ಲಿ ಇದೇ ಹೋಲಿಕೆಯನ್ನು ಗುರುವಿನ ಮೇಲೇ ತಿರುಗಿಸುತ್ತಾನೆ. ಕಾವಲುಗಾರರಿಗೆ (ಅಂದರೆ ಆಳುವವರು, ಸೈನಿಕರಿಗೆ) ಸ್ವಂತ ಆಸ್ತಿ ಬೇಡ, ಸ್ವಂತ ಸಂಸಾರ ಬೇಡ ಅಂತ ಊರನ್ನು ಅತಿಯಾಗಿ ಒಂದು ಮಾಡಹೊರಟರೆ, ಸಾಮರಸ್ಯ ಹೋಗಿ ಒಂದೇ ಸ್ವರ ಉಳಿಯುತ್ತದೆ ಅನ್ನುವುದು ಅವನ ಟೀಕೆ. ಮೂರನೇ ಪುಸ್ತಕದಲ್ಲಿ ಪ್ಲೇಟೊ ಎರಡೇ ಎರಡು ಸ್ವರಕ್ರಮ ಉಳಿಸಿಕೊಂಡು, ಕೊಳಲಿನಂಥ ಔಲೋಸ್ ವಾದ್ಯವನ್ನು ಊರಿನಿಂದಲೇ ಹೊರಗೆ ಹಾಕುತ್ತಾನೆ. ಅದನ್ನು ಓದಿದಾಗಲೆಲ್ಲ ಅರಿಸ್ಟಾಟಲ್ ಹೇಳಿದ್ದು ಸರಿ ಅನ್ನಿಸುತ್ತದೆ ನನಗೆ!

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮನಸ್ಸಿನ ಮೂರು ಭಾಗ ಅನ್ನುವುದನ್ನು ಹೇಗೆ ಸಾಬೀತು ಮಾಡುತ್ತಾನೆ? ಬುದ್ಧಿ, ಆಸೆ ಗೊತ್ತಾಯಿತು. ನಡುವಿನ ಆ ರೋಷ ಯಾಕೆ? ಮತ್ತೆ, ಒಳಗೆಲ್ಲ ಶ್ರುತಿ ಸರಿ ಇದೆ ಅಂತಲೇ ಇಟ್ಟುಕೊಳ್ಳಿ, ಅವನು ಕಳ್ಳತನ ಮಾಡುವುದಿಲ್ಲ ಅಂತ ಏನು ಗ್ಯಾರಂಟಿ?

ಪದವಿ ಕಾಲೇಜಿನಲ್ಲಿ ಪಾಠ ಮಾಡುವವರು

ರೋಷಕ್ಕೆ ಲಿಯಾಂಟಿಯಸ್‌ನ ಪ್ರಸಂಗ ಓದಿ, ಒಂದು ಪ್ಯಾರಾ ಅಷ್ಟೇ. ಪಿರೇಯಸ್‌ನಿಂದ ಉತ್ತರದ ಗೋಡೆಯ ಹೊರಗಡೆ ನಡೆದು ಬರುತ್ತಿರುವಾಗ, ಮರಣದಂಡನೆಯಾದವರ ಹೆಣಗಳು ಬಿದ್ದಿರುವುದು ಅವನಿಗೆ ಕಾಣುತ್ತದೆ. ನೋಡಬೇಕು ಅನ್ನಿಸುತ್ತದೆ, ಹೇಸಿಗೆಯೂ ಆಗುತ್ತದೆ. ಮುಖ ಮುಚ್ಚಿಕೊಳ್ಳುತ್ತಾನೆ. ಕೊನೆಗೆ ತಡೆಯಲಾಗದೆ ಕಣ್ಣು ಅಗಲಿಸಿಕೊಂಡು ಓಡಿಹೋಗಿ, ‘ನೋಡಿ ಪಾಪಿಗಳಾ, ಕಣ್ತುಂಬ ನೋಡಿಕೊಳ್ಳಿ’ ಅಂತ ತನ್ನ ಕಣ್ಣುಗಳನ್ನೇ ಬೈಯುತ್ತಾನೆ. ಆಸೆಯ ಮೇಲೆ ಸಿಟ್ಟು ಬಂತು ಅಂದರೆ ಸಿಟ್ಟೂ ಆಸೆಯೂ ಒಂದೇ ಅಲ್ಲ. ಚಿಕ್ಕ ಮಕ್ಕಳಿಗೆ ವಿವೇಚನೆ ಬರುವ ಮೊದಲೇ ರೋಷ ಇರುತ್ತದೆ, ಹಾಗಾಗಿ ಅದು ಬುದ್ಧಿಯೂ ಅಲ್ಲ. ಮೂರನೆಯದು ಹೀಗೆ ಸಿಕ್ಕಿತು.

ಕಳ್ಳತನದ ಪ್ರಶ್ನೆ ಒಳ್ಳೆಯದು. ಡೇವಿಡ್ ಸ್ಯಾಕ್ಸ್ ಅನ್ನುವವರು 1963ರಲ್ಲಿ ಒಂದು ಲೇಖನದಲ್ಲಿ ಎತ್ತಿದ ಆಕ್ಷೇಪ ಹೆಚ್ಚುಕಡಿಮೆ ಇದೇ: ಗ್ಲಾಕನ್ ಕೇಳಿದ್ದು ನಾವು ನೀವು ಹೇಳುವ ನ್ಯಾಯದ ಬಗ್ಗೆ, ಸಾಕ್ರಟೀಸ್ ಉತ್ತರಿಸಿದ್ದು ಇನ್ಯಾವುದೋ ನ್ಯಾಯದ ಬಗ್ಗೆ. ಒಳಗೆ ಶ್ರುತಿ ಸರಿ ಇರುವವನು ಬೇರೆಯವರು ತನ್ನಲ್ಲಿ ನಂಬಿ ಇಟ್ಟ ಹಣ ನುಂಗುವುದಿಲ್ಲ, ಗುಡಿ ದೋಚುವುದಿಲ್ಲ, ಆಣೆ ಮುರಿಯುವುದಿಲ್ಲ ಅಂತ ನಾಲ್ಕನೇ ಪುಸ್ತಕ ಪಟ್ಟಿ ಕೊಡುತ್ತದೆ. ಕಾರಣ ಮಾತ್ರ ಬೇಗ ಬೇಗ ಹೇಳಿ ಮುಗಿಸುತ್ತದೆ.

ನನ್ನ ಪ್ರಕಾರ ನಿಜವಾದ ಉತ್ತರ ಎಂಟನೇ ಪುಸ್ತಕದಲ್ಲಿದೆ. ಅಲ್ಲೊಬ್ಬ ದುಡ್ಡಿನ ಮನುಷ್ಯ ಬರುತ್ತಾನೆ. ಅವನೊಳಗೆ ಹಣದಾಸೆ ಕಿರೀಟ ಇಟ್ಟುಕೊಂಡು ಪರ್ಷಿಯಾದ ಚಕ್ರವರ್ತಿಯ ಹಾಗೆ ಸಿಂಹಾಸನದ ಮೇಲೆ ಕೂತಿದೆ. ಬುದ್ಧಿ ಒಂದು ಪಕ್ಕ, ರೋಷ ಇನ್ನೊಂದು ಪಕ್ಕ, ಎರಡೂ ಗುಲಾಮರ ಹಾಗೆ ನೆಲದ ಮೇಲೆ. ಲಾಭದ ಲೆಕ್ಕ ಹಾಕುವುದಷ್ಟೇ ಬುದ್ಧಿಯ ಕೆಲಸ. ಇವನು ವ್ಯವಹಾರದಲ್ಲಿ ಪ್ರಾಮಾಣಿಕ, ಒಳ್ಳೆಯ ಹೆಸರಿದೆ. ಇವನ ನಿಜ ಬಣ್ಣ ಎಲ್ಲಿ ಗೊತ್ತಾಗುತ್ತದೆ? ಅನಾಥ ಮಕ್ಕಳ ಆಸ್ತಿ ನೋಡಿಕೊಳ್ಳುವ ಕೆಲಸ ಸಿಕ್ಕಾಗ ಅನ್ನುತ್ತಾನೆ ಸಾಕ್ರಟೀಸ್. ಅಲ್ಲಿ ಕೇಳುವವರಿಲ್ಲವಲ್ಲ! ಉಂಗುರ ಇಲ್ಲದೆಯೇ ಉಂಗುರದ ಪರೀಕ್ಷೆ ನಡೆದುಹೋಯಿತು. ನಾಲ್ಕನೇ ಪುಸ್ತಕಕ್ಕೇ ಓದು ನಿಲ್ಲಿಸಿದರೆ ಇದು ಕೈತಪ್ಪುತ್ತದೆ.

ಸಮಾಜಶಾಸ್ತ್ರ ಓದಿದವರು

ವರ್ಣದ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಆ ಅನುಮಾನ ಸರಿಯಾದದ್ದೇ, ಬಿಡಬೇಡಿ. ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ಚಾತುರ್ವರ್ಣ್ಯವನ್ನು ಪ್ಲೇಟೊನ ಆದರ್ಶದ ಪಕ್ಕದಲ್ಲೇ ಇಟ್ಟು ನೋಡಿದ್ದಾರೆ. ಮನುಷ್ಯರನ್ನು ಕೆಲವೇ ಗೂಡುಗಳಿಗೆ ತುಂಬುವುದು ಮನುಷ್ಯನ ಶಕ್ತಿಯನ್ನು ಮೇಲುಮೇಲೆ ನೋಡಿದ ಹಾಗೆ, ಒಬ್ಬೊಬ್ಬ ವ್ಯಕ್ತಿಯೂ ತನ್ನದೇ ಒಂದು ವರ್ಗ ಅನ್ನುವುದು ಪ್ಲೇಟೊಗೆ ಹೊಳೆಯಲಿಲ್ಲ ಅನ್ನುವುದು ಅವರ ವಾದ.

ವ್ಯತ್ಯಾಸವನ್ನೂ ಬರೆಯಿರಿ. ಆಳುವವರಲ್ಲಿ ಚಿನ್ನ, ಸೈನಿಕರಲ್ಲಿ ಬೆಳ್ಳಿ, ದುಡಿಯುವವರಲ್ಲಿ ಕಬ್ಬಿಣ ಬೆರೆತಿದೆ ಅನ್ನುವ ಒಂದು ಕತೆ ಅಲ್ಲಿದೆ. ಚಿನ್ನದ ತಂದೆತಾಯಿಗೆ ಬೆಳ್ಳಿಯ ಮಗು ಹುಟ್ಟಬಹುದು, ಕಬ್ಬಿಣದವರಿಗೆ ಚಿನ್ನದ ಮಗು ಹುಟ್ಟಬಹುದು, ಆಗ ಮಗುವನ್ನು ಅದರ ಯೋಗ್ಯತೆಯ ಜಾಗಕ್ಕೆ ಕಳಿಸಬೇಕು ಅಂತ ಮೂರನೇ ಪುಸ್ತಕ ಹೇಳುತ್ತದೆ. ಐದನೇ ಪುಸ್ತಕದಲ್ಲಿ ಹೆಂಗಸರೂ ಆಳಬಹುದು. ಆದರೆ ಈ ಲೋಹದ ಕತೆಯನ್ನು ಸುಳ್ಳು ಅಂತ ಗೊತ್ತಿದ್ದೇ ಜನರಿಗೆ ನಂಬಿಸಬೇಕು ಅಂತಲೂ ಮೂರನೇ ಪುಸ್ತಕದಲ್ಲೇ ಇದೆ. ಜಾಗ ಬದಲಾಗಬಹುದು ಸರಿ, ಯಾರ ಜಾಗ ಯಾವುದು ಅಂತ ಹೇಳುವವರು ಯಾರು? ಆಳುವವರೇ. ನನಗೆ ಇದು ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ಪದವಿ ಕಾಲೇಜಿನಲ್ಲಿ ಪಾಠ ಮಾಡುವವರು

ಇಳಿಯಬೇಕಾಗಿಯೂ ಇಲ್ಲ. ಒಂದು ಕೆಲಸದ ಮಾತು: ಪುಟದ ಅಂಚಿನಲ್ಲಿ 327ರಿಂದ 621ರವರೆಗೆ ಸಂಖ್ಯೆ ಹಾಕಿರುವ ಅನುವಾದವನ್ನೇ ಇಟ್ಟುಕೊಳ್ಳಿ. 1578ರ ಒಂದು ಮುದ್ರಣದ ಪುಟಸಂಖ್ಯೆ ಅದು, ಎಲ್ಲರೂ ಅದನ್ನೇ ಬಳಸುತ್ತಾರೆ, ಅನುವಾದ ಬೇರೆಯಾದರೂ ಜಾಗ ಸಿಗುತ್ತದೆ. ಮೊದಲು 357ರಿಂದ 369, ಆಮೇಲೆ 427ರಿಂದ 445, ಆಮೇಲೆ 553ರ ಸುತ್ತಮುತ್ತ. ಗುಹೆಯ ಕತೆ ಏಳನೇ ಪುಸ್ತಕದ್ದು, ಎಲ್ಲರೂ ಮೊದಲು ಅಲ್ಲಿಗೇ ಓಡುತ್ತಾರೆ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ.